ಖರಾಬು ನೆಲದ ಸೊಬಗು



ಪರದೇಶಗಳಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರು ರಜೆ ಬಂದೊಡನೆ ಕಾರು ಹತ್ತಿ ಮರುಭೂಮಿಗಳನ್ನು ನೋಡಲು ಹೊರಡುತ್ತೀರಿ. ನೋಡಿದ್ದನ್ನು ಚಿತ್ರಗಳಲ್ಲಿ ಹಿಡಿದು ನನಗೂ ಕಳುಹಿಸುತ್ತೀರಿ. ಅರಿಜೋನಾದ ಕಳ್ಳಿಗಿಡಗಳು, ದುಬೈ ನಗರದಾಚೆಯ ಮರಳದಿಬ್ಬಗಳು, ಆಸ್ಟ್ರೇಲಿಯದ ಕೆಂಪು ನೆಲ, ಹೀಗೆ ಜಗತ್ತಿನ ಒಣನೆಲಗಳೆಲ್ಲವೂ ಈ ನಿವೃತ್ತ ಮಾಸ್ತರನ ಫೋನಿನೊಳಗೆ ಬಂದು ಕುಳಿತಿವೆ. ಪ್ರತಿಯೊಂದನ್ನೂ ಕನ್ನಡಕ ಒರೆಸಿಕೊಂಡು ನೋಡಿ ಸಂತೋಷಪಡುತ್ತೇನೆ. ಆದರೆ ಅವುಗಳ ಜೊತೆಗೆ ಬರುವ ಒಂದು ಮಾತು ಮಾತ್ರ ನನ್ನನ್ನು ಸುಮ್ಮನಿರಗೊಡುವುದಿಲ್ಲ: "ಸರ್, ನಮ್ಮ ಕಡೆ ಇಂಥಾದ್ದು ಏನೂ ಇಲ್ಲ ನೋಡ್ರಿ." ಈ ಬರಹವನ್ನು ಆ ಮಾತಿಗೆ ಉತ್ತರವೆಂದು ತಿಳಿಯಿರಿ.

ಮೊದಲು ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣ. ಹಾವೇರಿ ಜಿಲ್ಲೆಯಲ್ಲಿ ಮರುಭೂಮಿ ಇಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಭೂಗೋಳಶಾಸ್ತ್ರಜ್ಞರು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ನಮ್ಮ ರಾಣೆಬೆನ್ನೂರಿನ ಸೀಮೆಯಲ್ಲಿ 600 ಮಿಲಿಮೀಟರಿನ ಆಸುಪಾಸು ಮಳೆಯಾಗುತ್ತದೆ. ಜಿಲ್ಲೆಯ ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಹೋದರೆ ಭತ್ತದ ಗದ್ದೆಗಳು, ಮಾವಿನ ತೋಪುಗಳು, ಮಲೆನಾಡಿನ ಸೆರಗು. ಪೂರ್ವಕ್ಕೆ ಬಂದಂತೆ ಮರಗಳು ಗಿಡ್ಡವಾಗುತ್ತವೆ, ಎಲೆಗಳು ಸಣ್ಣವಾಗುತ್ತವೆ, ಎಲೆಯಿರಬೇಕಾದ ಎಡೆಯಲ್ಲಿ ಮುಳ್ಳುಗಳು ಕಾಣಿಸಿಕೊಳ್ಳುತ್ತವೆ. ಜಾಲಿ, ಕಾರೆ, ಬಾರಿ, ಕವಳಿ, ಆವರಿಕೆ, ನಡುನಡುವೆ ಒಂದು ಬೇವು, ಒಂದು ಬನ್ನಿ. ಉಳಿದದ್ದೆಲ್ಲ ಹುಲ್ಲು ಮತ್ತು ಆಕಾಶ. ದಖ್ಖನಿನ ಮುಳ್ಳುಕುರುಚಲು ಸೀಮೆಯೆಂದು ಪುಸ್ತಕಗಳು ಕರೆಯುವುದು ಇದನ್ನೇ. ಮರುಭೂಮಿಗೆ ನಮ್ಮಲ್ಲಿರುವ ಅತ್ಯಂತ ಹತ್ತಿರದ ನಂಟ ಈ ಬಯಲು.

ಕನ್ನಡ ಪಾಠ ಹೇಳಿದವನಾದ್ದರಿಂದ ಶಬ್ದಗಳ ಕಡೆಗೆ ಸ್ವಲ್ಪ ತಿರುಗುತ್ತೇನೆ, ಸಹಿಸಿಕೊಳ್ಳಿ. ಸಂಸ್ಕೃತದಿಂದ ಬಂದ ಮರುಭೂಮಿಗೆ ನಮ್ಮವರು ಇಟ್ಟ ಹೆಸರು 'ಮರಳುಗಾಡು'. ಬಿಡಿಸಿದರೆ ಮರಳು ಮತ್ತು ಕಾಡು. ಎಂಟನೆಯ ತರಗತಿಯಲ್ಲಿ ನೀವು ಕಲಿತ ಆದೇಶಸಂಧಿ. 'ಮಳೆಗಾಲ'ದಲ್ಲಿ ಆದಂತೆ ಇಲ್ಲಿಯೂ ಕಕಾರಕ್ಕೆ ಗಕಾರ ಬಂದಿದೆ. ಮರವೇ ಇಲ್ಲದ ಮರಳನ್ನು ನಮ್ಮ ಹಿರಿಯರು ಕಾಡೆಂದೇ ಕರೆದರು. ಇನ್ನು 'ಬಯಲು' ಎಂಬ ಶಬ್ದದ ಘನತೆಯನ್ನು ಹೇಳಬೇಕಾದದ್ದೇ ಇಲ್ಲ. ಹನ್ನೆರಡನೆಯ ಶತಮಾನದ ಶರಣರಿಗೆ ಬಯಲೆಂದರೆ ಪರತತ್ತ್ವದ ಹೆಸರು. ಇಂಥ ಶಬ್ದಗಳಿದ್ದ ನಾಡಿಗೆ ಕಂದಾಯದ ದಫ್ತರಗಳ ಮೂಲಕ ಮೂರನೆಯದೊಂದು ಶಬ್ದ ಬಂದಿತು: 'ಖರಾಬು'. ಪಹಣಿಯನ್ನು ಓದಿದ ರೈತರ ಮಕ್ಕಳೆಲ್ಲರಿಗೂ ಇದು ಗೊತ್ತು. ಉಳುಮೆಗೆ ಒದಗದ, ಕಂದಾಯ ಹುಟ್ಟದ ನೆಲವೆಲ್ಲ ಆ ಶಬ್ದದೊಳಗೆ ಹೋಗಿ ಬಿದ್ದಿತು. ಕಾಡು ಎಂದೋ ಬಯಲು ಎಂದೋ ಕರೆದ ನೆಲವನ್ನು ನಾವು ನೋಡುವ ಬಗೆ ಬೇರೆ, ಖರಾಬು ಎಂದು ಬರೆದ ನೆಲವನ್ನು ನೋಡುವ ಬಗೆ ಬೇರೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿಸ್ತಾರ.

2015ರ ಚಳಿಗಾಲದಲ್ಲಿ ಮಗಳ ಮನೆಗೆಂದು ಅರಿಜೋನಾದ ಫೀನಿಕ್ಸಿಗೆ ಹೋಗಿದ್ದೆ. ಅಲ್ಲಿಂದ ಕಾರಿನಲ್ಲಿ ಎರಡು ತಾಸಿನ ಹಾದಿಯ ಟೂಸಾನ್ ಊರಿನ ಬದಿಯಲ್ಲಿ ಸವಾರೋ ರಾಷ್ಟ್ರೀಯ ಉದ್ಯಾನವಿದೆ. ಸವಾರೋ ಎಂಬುದು ಕಂಬದಂತೆ ಬೆಳೆಯುವ ಒಂದು ಕಳ್ಳಿ. ಮೊದಲ ಎಂಟು ವರ್ಷಗಳಲ್ಲಿ ಅದು ಒಂದು ಒಂದೂವರೆ ಅಂಗುಲ ಬೆಳೆದರೆ ಹೆಚ್ಚು. ಮೊದಲ ಕೊಂಬೆ ಒಡೆಯಲು ಐವತ್ತು ಎಪ್ಪತ್ತು ವರ್ಷ ಬೇಕು. ಬದುಕಿದರೆ ನೂರೈವತ್ತು ವರ್ಷ ದಾಟಿ ನಾಲ್ಕಾಳೆತ್ತರವನ್ನು ಮೀರಿ ನಿಲ್ಲುತ್ತದೆ. ಮಳೆ ಬಂದಾಗ ಅದರ ಮೈಮೇಲಿನ ಮಡಿಕೆಗಳು ಸೀರೆಯ ನಿರಿಗೆಯಂತೆ ಬಿಚ್ಚಿಕೊಂಡು ನೀರನ್ನು ತುಂಬಿಕೊಳ್ಳುತ್ತವೆ. ಬರಗಾಲದಲ್ಲಿ ಮತ್ತೆ ಮಡಚಿಕೊಳ್ಳುತ್ತವೆ. ಸಸಿಯಾಗಿರುವಾಗ ಬಿಸಿಲನ್ನು ತಾಳಲಾರದೆ ಮತ್ತೊಂದು ಗಿಡದ ನೆರಳನ್ನು ಆಶ್ರಯಿಸುತ್ತದೆ. ಹಾಗೆ ನೆರಳು ಕೊಡುವ ಗಿಡಗಳಲ್ಲಿ ಒಂದಾದ ಮೆಸ್ಕೀಟ್, ನಾವು ವಿಜಯದಶಮಿಗೆ ಪೂಜಿಸುವ ಶಮೀವೃಕ್ಷದ ದಾಯಾದಿ ಎಂದು ತಿಳಿದಾಗ ಪರದೇಶದಲ್ಲಿ ಊರಿನವರೊಬ್ಬರು ಸಿಕ್ಕಂತಾಯಿತು.

ಕಳ್ಳಿಗಿಂತ ಹೆಚ್ಚಾಗಿ ನನ್ನ ಗಮನವನ್ನು ಸೆಳೆದದ್ದು ಅಲ್ಲಿಯ ರಸ್ತೆ. ಸುಮಾರು 13 ಕಿಲೋಮೀಟರಿನ ಒಂದು ಸುತ್ತುದಾರಿ. ಬಹುಭಾಗ ಒಂದೇ ದಿಕ್ಕಿನ ಸಂಚಾರ. ಅಗಲ ಕಡಿಮೆ, ತಿರುವು ಹೆಚ್ಚು, ಅಲ್ಲಲ್ಲಿ ಕಾರು ನಿಲ್ಲಿಸಲು ಎಡೆ. ಎಲ್ಲಿಗೂ ಮುಟ್ಟಿಸದ ರಸ್ತೆ ಅದು. ಹೊರಟಲ್ಲಿಗೇ ಮರಳಿ ತಂದುಬಿಡುತ್ತದೆ. ಒಂದು ಮುಳ್ಳಿನ ಗಿಡವನ್ನು ನಿಧಾನವಾಗಿ ನೋಡಲೆಂದೇ ಒಂದು ದೇಶ ದಾರಿ ಮಾಡಿಕೊಟ್ಟಿದೆ. 1933ರಲ್ಲಿಯೇ ಆ ನೆಲಕ್ಕೆ ರಾಷ್ಟ್ರೀಯ ಸ್ಮಾರಕವೆಂಬ ರಕ್ಷಣೆ ದೊರೆಯಿತು, 1994ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅನುಮತಿಯಿಲ್ಲದೆ ಸವಾರೋ ಕಡಿದರೆ ಆ ರಾಜ್ಯದಲ್ಲಿ ಅಪರಾಧ. ಅಲ್ಲಿಯ ಒಣನೆಲಕ್ಕೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಮಳೆಯದೆಂದು ನನಗೆ ತೋರಲಿಲ್ಲ. ಅದನ್ನು ನೋಡತಕ್ಕದ್ದೆಂದು ಯಾರೋ ಒಮ್ಮೆ ತೀರ್ಮಾನಿಸಿದ್ದರು. ನಮ್ಮದಕ್ಕೆ ಆ ಯೋಗ ಪೂರ್ತಿಯಾಗಿ ಬರಲಿಲ್ಲ.

ಕಳೆದ ಫೆಬ್ರುವರಿಯಲ್ಲಿ ಮಗಳು, ಅಳಿಯ, ಹನ್ನೆರಡು ವರ್ಷದ ಮೊಮ್ಮಗ ಊರಿಗೆ ಬಂದಿದ್ದರು. ಆಗ ನಾನೇ ಒಂದು ಸುತ್ತುದಾರಿಯನ್ನು ರಚಿಸಿದೆ: ಹಾವೇರಿ, ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು, ಅಲ್ಲಿಂದ ತುಂಗಭದ್ರೆಯ ದಂಡೆ, ಗುತ್ತಲದ ಮೇಲೆ ಹಾಯ್ದು ಮರಳಿ ಹಾವೇರಿ. ಈ ದಾರಿಗಳನ್ನು ಮೊದಲು ಚಕ್ಕಡಿಯಲ್ಲಿ, ಆಮೇಲೆ ಸೈಕಲ್ಲಿನಲ್ಲಿ, ಅನಂತರ ಕೆಂಪು ಬಸ್ಸಿನಲ್ಲಿ ಬಲ್ಲವನು ನಾನು. 1998ರಲ್ಲಿ ಕೊಂಡ ಹಳೆಯ ಮಾರುತಿ 800 ನನ್ನ ಕಾಲುಗಳಿಗೆ ಬಂದ ಸಂಧಿವಾತವನ್ನು ಮರೆಸಿ ಮತ್ತೆ ಊರೂರು ತೋರಿಸಿತ್ತು. ಈ ಸಲ ಸ್ಟೇರಿಂಗ್ ಅಳಿಯನ ಕೈಯಲ್ಲಿ. ನನ್ನದು ಮುಂದಿನ ಆಸನ ಮತ್ತು "ನಿಧಾನ, ನಿಧಾನ" ಎಂಬ ಮಂತ್ರ.

ಹಾವೇರಿಯನ್ನು ಬೆಳಗಿನ ಆರು ಗಂಟೆಗೆ ಬಿಟ್ಟೆವು. ಏಲಕ್ಕಿ ಹಾರಕ್ಕೆ ಹೆಸರಾದ ಈ ಊರಿನಲ್ಲಿ ಏಲಕ್ಕಿ ಬೆಳೆಯುವುದಿಲ್ಲವೆಂಬುದನ್ನು ಮೊಮ್ಮಗನಿಗೆ ಹೇಳಿದಾಗ ಅವನಿಗೆ ಬಹಳ ನಗೆ ಬಂದಿತು. ಮಲೆನಾಡಿನ ಬೆಳೆಯನ್ನು ಬಯಲುನಾಡಿನ ಕುಶಲಿಗಳು ಹಾರವಾಗಿಸಿದರು. ಘಟ್ಟಕ್ಕೂ ಬಯಲಿಗೂ ನಡುವಿನ ಹೊಸ್ತಿಲು ನಮ್ಮೂರು. ಹೆದ್ದಾರಿಗೆ ಬಂದರೆ ಪೂನಾ ಬೆಂಗಳೂರು ರಸ್ತೆ, ಹಿಂದಿನ 4ನೆಯ, ಈಗಿನ 48ನೆಯ ರಾಷ್ಟ್ರೀಯ ಹೆದ್ದಾರಿ. ಇದರಲ್ಲಿ ನೂರರ ವೇಗದಲ್ಲಿ ಹೋಗುವವರಿಗೆ ರಾಣೆಬೆನ್ನೂರು ಅರ್ಧ ಗಂಟೆಯ ಮಾತು, ಮತ್ತು ಅವರಿಗೆ ಎರಡೂ ಬದಿಯಲ್ಲಿ ಕಾಣುವುದು ಕಂದು ಬಣ್ಣ ಮಾತ್ರ. ನಾವು ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಯ ಕಡೆ ತಿರುಗಿದೆವು.

ಆ ಕಾಲದಲ್ಲಿ ಬ್ಯಾಡಗಿಗೆ ಹೋಗುವವನು ಊರನ್ನು ಕಣ್ಣಿಗಿಂತ ಮೊದಲು ಮೂಗಿನಿಂದ ಕಾಣುತ್ತಾನೆ. ಕಾರಿನ ಗಾಜು ಇಳಿಸಿದ ಒಂದೇ ನಿಮಿಷಕ್ಕೆ ಅಳಿಯ ಸೀನಿದ, ಅವನ ಹಿಂದೆ ಎಲ್ಲರೂ ಸೀನಿದೆವು. ಬಯಲಿನಲ್ಲಿ ಹರವಿದ ಮೆಣಸಿನಕಾಯಿಯ ರಾಶಿಗಳು ನೆಲಕ್ಕೆ ಕೆಂಪು ಜಮಖಾನೆ ಹಾಸಿದಂತೆ ಕಾಣುತ್ತಿದ್ದವು. ಧಾರವಾಡ, ಗದಗ, ಬಳ್ಳಾರಿಗಳಿಂದೆಲ್ಲ ಕಾಯಿ ಈ ಪೇಟೆಗೆ ಬರುತ್ತದೆ. ಉದ್ದನೆಯ, ಸುಕ್ಕುಗಟ್ಟಿದ ಕಡ್ಡಿ; ಗಿಡ್ಡನೆಯ, ಉಬ್ಬಿದ ಡಬ್ಬಿ. ಖಾರ ಕಡಿಮೆ, ಬಣ್ಣ ಅಪಾರ. ಆ ಬಣ್ಣವನ್ನು ಓಲಿಯೋರೆಸಿನ್ ಎಂಬ ಎಣ್ಣೆಯಾಗಿ ತೆಗೆದು ತಿಂಡಿತಿನಿಸುಗಳಿಗೂ ತುಟಿಯ ರಂಗಿಗೂ ಬಳಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಮೊಮ್ಮಗನಿಗೆ ನಾನು ತೋರಿಸಬೇಕೆಂದಿದ್ದದ್ದು ಬೇರೊಂದು ಸಂಗತಿ. ಈ ಕೆಂಪು ಈ ನೆಲದ ಒಣಗುವಿಕೆಯಿಂದ ಹುಟ್ಟಿದ್ದು. ಹಣ್ಣಾದ ಕಾಯಿಗೆ ದಿನಗಟ್ಟಲೆ ಮೋಡವಿಲ್ಲದ ಬಿಸಿಲು, ಒಣಗಾಳಿ, ಹರವಲು ತೆರೆದ ಬಯಲು ಬೇಕು. ಒಂದು ಅಕಾಲದ ಮಳೆ ಬಂದರೆ ಕಾಯಿ ಕಪ್ಪಾಗಿ ರೈತನ ಮುಖವೂ ಕಪ್ಪಾಗುತ್ತದೆ. ಮಳೆಯಿಲ್ಲದಿರುವುದನ್ನೇ ಬಂಡವಾಳ ಮಾಡಿಕೊಂಡ ಊರು ಬ್ಯಾಡಗಿ.

ಇದೇ ಬ್ಯಾಡಗಿ ತಾಲೂಕಿನ ಕಾಗಿನೆಲೆ ಅಲ್ಲಿಂದ ದೂರವಿಲ್ಲ. ಕುರುಬರ ಕುಲದಿಂದ ಬಂದ ಕನಕದಾಸರು ತಮ್ಮ ರಾಮಧಾನ್ಯ ಚರಿತೆಯಲ್ಲಿ ಭತ್ತ ಮತ್ತು ರಾಗಿಗಳ ನಡುವೆ ಯಾರು ಮೇಲೆಂಬ ವ್ಯಾಜ್ಯವನ್ನು ಶ್ರೀರಾಮನ ಮುಂದೆ ತಂದು ನಿಲ್ಲಿಸುತ್ತಾರೆ; ತೀರ್ಪು ರಾಗಿಯ ಕಡೆ ಆಗುತ್ತದೆ. ಆ ಕಾವ್ಯದಲ್ಲಿ ಜಾತಿಯ ಪ್ರಶ್ನೆ ಇರುವುದನ್ನು ವಿದ್ವಾಂಸರು ವಿವರಿಸಿದ್ದಾರೆ. ನನಗೆ ಅದರಲ್ಲಿ ನೆಲದ ಪ್ರಶ್ನೆಯೂ ಕೇಳಿಸುತ್ತದೆ. ಕಾಲುವೆಯ ನೀರುಂಡ ಧಾನ್ಯದೆದುರು, ಸಿಕ್ಕ ಮಳೆಯಲ್ಲಿ ಬೆಳೆದು ವರ್ಷಗಟ್ಟಲೆ ಹಗೇವಿನಲ್ಲಿ ಕೆಡದೆ ಉಳಿಯುವ ಧಾನ್ಯ ಗೆದ್ದಿತು. ಕುರಿಗಳ ಹಿಂದೆ ಬಯಲು ತಿರುಗಿದ ಕುಲದ ಕವಿಗೆ ಒಣನೆಲದ ಮಾನ ಗೊತ್ತಿತ್ತು.

ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಬಂದು, ಊರಿನಲ್ಲಿ ಗಿರಮಿಟ್ಟು ಮತ್ತು ಚಹ ಮುಗಿಸಿ, ಅಭಯಾರಣ್ಯದ ದಾರಿ ಹಿಡಿದೆವು. 1974ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರು. ಹುಲ್ಲತ್ತಿ, ಹುಣಸಿಕಟ್ಟಿ, ಅಳಗೇರಿ ಎಂಬ ಮೂರು ತುಂಡುಗಳಾಗಿ ಹರಡಿದೆ. ಕೃಷ್ಣಮೃಗವೆಂಬುದು ಕಾಳಿದಾಸನ ಕಾಲದ ಹೆಸರು; ನಮ್ಮವರಿಗೆ ಅದು ಚಿಗರಿ. 2018ರಲ್ಲಿ ಹುಬ್ಬಳ್ಳಿ ಧಾರವಾಡಗಳ ನಡುವೆ ಓಡಲು ಆರಂಭಿಸಿದ ವೇಗದ ಬಸ್ಸುಗಳಿಗೆ ಇದೇ ಹೆಸರಿಟ್ಟಾಗ ನನಗೆ ಹೆಮ್ಮೆಯಾಗಿತ್ತು.

ರಸ್ತೆಯ ಬದಿಗೆ ಕಾರು ನಿಲ್ಲಿಸಿ ಎಂಜಿನ್ ಆರಿಸಿ ಕುಳಿತೆವು. ಹತ್ತು ನಿಮಿಷ ಏನೂ ಇಲ್ಲ. ಮೊಮ್ಮಗ ಆಕಳಿಸಿದ. "ಅಜ್ಜಾ, ಇಲ್ಲಿ ಏನೂ ಇಲ್ಲವಲ್ಲ" ಎಂದ. ಎಲ್ಲ ಬಯಲುಗಳೂ ಮೊದಲ ಹತ್ತು ನಿಮಿಷ ಹೀಗೆಯೇ ಪರೀಕ್ಷೆ ಮಾಡುತ್ತವೆ. ಆಮೇಲೆ ಒಣ ಕರಡದ ಬಣ್ಣದೊಳಗಿಂದ ಒಂದು ಕಿವಿ ಅಲುಗಿತು. ಅದರ ಪಕ್ಕದಲ್ಲಿ ಮತ್ತೊಂದು. ನೋಡನೋಡುತ್ತ ಹುಲ್ಲೇ ಎದ್ದು ನಿಂತಂತೆ ಮೂವತ್ತು ನಲವತ್ತು ಹೆಣ್ಣು ಚಿಗರಿಗಳು. ಅವುಗಳಿಂದ ಬೇರೆಯಾಗಿ ಒಂದು ಗಂಡು: ಬೆನ್ನು ಕಾಡಿಗೆಯಂತೆ ಕಪ್ಪು, ಹೊಟ್ಟೆ ಸುಣ್ಣದಂತೆ ಬಿಳುಪು, ತಿರುಚಿದ ಎರಡು ಕೋಡು. ಆ ಒಂದಷ್ಟು ನೆಲ ಅದರ ಜಹಗೀರು. ಒಂದೇ ಜಾಗದಲ್ಲಿ ದಿನವೂ ಹಿಕ್ಕೆ ಹಾಕಿ ಗಡಿಯನ್ನು ಸಾರುತ್ತದೆ. ಎಲ್ಲಿಂದಲೋ ನಾಯಿ ಬೊಗಳಿದ್ದೇ ತಡ, ಒಂದು ನೆಗೆಯಿತು. ಹಿಂದೆಯೇ ಇಡೀ ಹಿಂಡು ಚೆಂಡುಗಳಂತೆ ಪುಟಿಯುತ್ತ ಹಾರಿತು. ಹುಡುಗನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಗಂಟೆಗೆ 80 ಕಿಲೋಮೀಟರಿನವರೆಗೆ ಓಡಬಲ್ಲ ಈ ಪ್ರಾಣಿಗೆ ಅಷ್ಟು ವೇಗ ಯಾತಕ್ಕೆ? ಇಂದು ಅದನ್ನು ಬೆನ್ನಟ್ಟುವ ತೋಳಕ್ಕೆ ಅಷ್ಟು ವೇಗವಿಲ್ಲ. ಆ ಓಟವನ್ನು ಅದಕ್ಕೆ ಕಲಿಸಿದವನು ಚೀತಾ. ಭಾರತದ ಚೀತಾ ಅಳಿದುಹೋಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ಮಧ್ಯಪ್ರದೇಶದ ಕೂನೋಕ್ಕೆ ಆಫ್ರಿಕದಿಂದ ತಂದು ಬಿಡಲಾಯಿತು. ನಮ್ಮ ಚಿಗರಿಯ ಕಾಲುಗಳು ಮಾತ್ರ ಇಲ್ಲದ ಗುರುವಿನ ಪಾಠವನ್ನು ಈಗಲೂ ಒಪ್ಪಿಸುತ್ತಿವೆ.

ಹೊಲದ ಬದುವಿನಲ್ಲಿ ನಿಂತಿದ್ದ ರೈತರೊಬ್ಬರು ನಮ್ಮ ಉತ್ಸಾಹವನ್ನು ನೋಡಿ ನಕ್ಕರು. "ನಿಮಗ ಚಂದ ಕಾಣ್ತಾವ್ರಿ, ನಮ್ಮ ಕಡ್ಲಿಗೆ ಕೇಳ್ರಿ" ಎಂದರು. ರಾತ್ರಿಯೆಲ್ಲ ಗೋವಿನಜೋಳದ ಸಸಿಯನ್ನೂ ಕಡಲೆಯನ್ನೂ ಕಾಯುವ ಕಷ್ಟವನ್ನು ಹೇಳಿದರು. "ದೇವರ ಜೀವ, ಹೊಡಿಯಾಕ ಬರೂದಿಲ್ಲ, ನಮ್ಮ ಹೊಟ್ಟಿ, ಬಿಡಾಕ ಬರೂದಿಲ್ಲ." 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಚಿಗರಿಗೆ ಅತ್ಯುನ್ನತ ರಕ್ಷಣೆಯನ್ನು ಕೊಟ್ಟಿದೆ, ಅದನ್ನು ದಿನವೂ ಪಾಲಿಸುವವರು ಈ ರೈತರು. ಕಾರಿನಲ್ಲಿ ಬಂದು ಹೋಗುವ ನಾವು ಆ ಋಣವನ್ನು ಮರೆಯಬಾರದು.

ಈಗ ನನ್ನ ಮನಸ್ಸಿಗೆ ಭಾರವಾದ ಮಾತಿಗೆ ಬರುತ್ತೇನೆ. ಅಭಯಾರಣ್ಯದ ದಾರಿಯಲ್ಲಿ ಬಯಲಿಗಿಂತ ಹೆಚ್ಚಾಗಿ ಕಾಣುವುದು ನೀಲಗಿರಿ ನೆಡುತೋಪು. ಕವಾಯತಿಗೆ ನಿಂತ ಹುಡುಗರಂತೆ ಸಾಲು ಸಾಲು ಮರಗಳು. ಅವುಗಳ ಅಡಿಯಲ್ಲಿ ಹುಲ್ಲು ಕಡಿಮೆ, ಹಕ್ಕಿಯ ದನಿ ಕಡಿಮೆ. ಹಗಲಿನ ಬಿಸಿಲಿಗೆ ಚಿಗರಿಗಳು ಅಲ್ಲಿ ನೆರಳಿಗೆ ನಿಲ್ಲುತ್ತವೆ. ಮೇಯಲು ಹೊರಗೆ ಬರಬೇಕು. ಇದು ಯಾರೊಬ್ಬರ ಕೆಡುಕಿನಿಂದ ಆದದ್ದಲ್ಲ. ಮರವಿಲ್ಲದ ನೆಲ ಹಾಳು ನೆಲ, ಅದನ್ನು ಹಸಿರು ಮಾಡುವುದು ಪುಣ್ಯವೆಂಬ ನಂಬಿಕೆ ಆ ತಲೆಮಾರಿನ ದೇಶಕ್ಕೆಲ್ಲ ಇತ್ತು. ಕಾಗದಕ್ಕೂ ನೂಲಿಗೂ ತಿರುಳು ಬೇಕಿತ್ತು, ಊರಿಗೆ ಉರುವಲು ಬೇಕಿತ್ತು, ಕೂಲಿಯೂ ಬೇಕಿತ್ತು. ಅಭಯಾರಣ್ಯದ ಕಾವಲಿನಿಂದಾಗಿ ಚಿಗರಿಗಳು ಸಾವಿರಗಳ ಸಂಖ್ಯೆಗೆ ಏರಿದವೆಂಬುದನ್ನೂ ನೆನೆಯಬೇಕು.

ಆದರೆ ಆ ಬದಲಾವಣೆಯಲ್ಲಿ ಒಂದು ಜೀವಿ ಲೆಕ್ಕಕ್ಕೆ ಸಿಗದೆ ಜಾರಿಹೋಯಿತು. ಅದರ ಹೆಸರು ಎರೆಭೂತ. ಕಪ್ಪು ಎರೆಯ ಹೊಲದಲ್ಲಿ ಹಠಾತ್ತನೆ ಕಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾಗುವ ಈ ಹಕ್ಕಿಗೆ ನಮ್ಮವರು ಕೊಟ್ಟ ಹೆಸರು ಅದು. 1957ರ ಸುಮಾರಿಗೆ ತಂದೆಯವರೊಡನೆ ಚಕ್ಕಡಿಯಲ್ಲಿ ಗುತ್ತಲದ ಕಡೆ ಹೋಗುವಾಗ ಅವರು ಎತ್ತುಗಳನ್ನು ನಿಲ್ಲಿಸಿ ಬೆರಳು ತೋರಿಸಿದ್ದು ನೆನಪಿದೆ. ನನ್ನ ಎದೆಯ ಎತ್ತರದ ಹಕ್ಕಿ. ತಲೆಗೆ ಕರಿಯ ಟೊಪ್ಪಿಗೆ, ನೀಳವಾದ ಬಿಳಿ ಕುತ್ತಿಗೆ, ಹೊಲ ಅಳೆಯಲು ಬಂದ ಶಾನಭೋಗರ ಗತ್ತಿನ ನಡಿಗೆ. 1979ರಲ್ಲಿ ನಾನು ಒಂಬತ್ತನೆಯ ತರಗತಿಯ ಹುಡುಗರನ್ನು ಸೈಕಲ್ಲುಗಳ ಮೇಲೆ ಕರೆದೊಯ್ದಾಗ ರಾಣೆಬೆನ್ನೂರಿನ ಬಯಲಿನಲ್ಲಿ ಎರಡು ಕಂಡವು. ಆ ತಂಡದವರು ಇದನ್ನು ಓದುತ್ತಿದ್ದರೆ, ಅಂದು ನಿಮ್ಮಲ್ಲೊಬ್ಬ ಅದನ್ನು ಉಷ್ಟ್ರಪಕ್ಷಿಯೆಂದು ಕೂಗಿದ್ದನ್ನು ನೆನಪಿಸಿಕೊಳ್ಳಿರಿ. ಆಮೇಲೆ ನಾನು ಅದನ್ನು ನೋಡಿಲ್ಲ. ರಾಣೆಬೆನ್ನೂರಿನಲ್ಲಿ ಅದು ಈಗ ಇಲ್ಲ.

ಈ ಹಕ್ಕಿಯ ಸ್ವಭಾವವನ್ನು ತಿಳಿದರೆ ಅಳಿವಿನ ಕಾರಣ ತಾನೇ ತಿಳಿಯುತ್ತದೆ. ಹದಿನೈದು ಕಿಲೋ ತೂಗಬಲ್ಲ ಗಂಡು, ಹಾರುವ ಹಕ್ಕಿಗಳಲ್ಲಿಯೇ ಭಾರವಾದವುಗಳಲ್ಲೊಂದು. ಗೂಡು ಕಟ್ಟುವುದಿಲ್ಲ, ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ದೂರದವರೆಗೆ ನೋಟ ಹರಿಯುವ ತೆರೆದ ಹುಲ್ಲುನೆಲ ಬೇಕು. ಎತ್ತರದ ಮರಗಳ ನಡುವೆ ಅದು ನಿಲ್ಲದು. ನಾಯಿ, ಬೇಟೆಗಾರ, ನೇಗಿಲು, ನೆಡುತೋಪು, ಯಾವುದು ಬಂದರೂ ಅದಕ್ಕೆ ಹೋಗಲು ಮತ್ತೊಂದು ಬಯಲು ಬೇಕಿತ್ತು. ಬಯಲುಗಳು ಮುಗಿದವು. ಅದರ ಕಣ್ಣುಗಳು ತಲೆಯ ಬದಿಗಳಲ್ಲಿರುವುದರಿಂದ ನೇರ ಎದುರಿನದು ಸರಿಯಾಗಿ ಕಾಣುವುದಿಲ್ಲ. ಹಾರುವಾಗ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತದೆ. ಈ ಕಾರಣಕ್ಕಾಗಿ 2021ರಲ್ಲಿ ಸುಪ್ರೀಂ ಕೋರ್ಟು ಅದರ ನೆಲೆಗಳಲ್ಲಿ ತಂತಿಗಳನ್ನು ನೆಲದೊಳಗೆ ಹಾಕುವಂತೆ ಆದೇಶಿಸಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಕಾಡಿನಲ್ಲಿ ಉಳಿದಿರುವುದು ನೂರೈವತ್ತರಷ್ಟು ಅಥವಾ ಅದಕ್ಕೂ ಕಡಿಮೆ. ಬಹುಪಾಲು ರಾಜಸ್ಥಾನದ ಜೈಸಲ್ಮೇರಿನ ಮರುಭೂಮಿಯಲ್ಲಿ. ನಮ್ಮ ರಾಜ್ಯದಲ್ಲಿ ಕೈಬೆರಳೆಣಿಕೆಯಷ್ಟು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಯಲ್ಲಿ ಜೀವ ಹಿಡಿದಿದ್ದವು. ಜೈಸಲ್ಮೇರಿನ ಬಳಿ ನಡೆಸುವ ಸಾಕಣೆ ಕೇಂದ್ರದಲ್ಲಿ 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹೊರಬಂದ ಸುದ್ದಿ ಓದಿದ ದಿನ ನಾನು ಮನೆಯಲ್ಲಿ ಎಲ್ಲರಿಗೂ ಫೇಡೆ ಹಂಚಿದೆ.

ರಾಷ್ಟ್ರಪಕ್ಷಿಯ ಪಟ್ಟಕ್ಕೆ ಈ ಹಕ್ಕಿಯ ಪರವಾಗಿ ಸಲೀಂ ಅಲಿಯವರು ವಾದಿಸಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ನವಿಲಿನ ಮೇಲೆ ನನಗೇನೂ ಕೋಪವಿಲ್ಲ; ನಮ್ಮದೇ ಜಿಲ್ಲೆಯ ಬಂಕಾಪುರದ ಕೋಟೆಯಲ್ಲಿ ನವಿಲುಧಾಮವಿದೆ, ಹೋಗಿ ನೋಡಿರಿ. ಆದರೆ ನವಿಲು ತನ್ನ ಸೊಬಗನ್ನು ತಾನೇ ಬಿಚ್ಚಿ ತೋರಿಸುತ್ತದೆ. ಎರೆಭೂತದ ಸೊಬಗು ಅದು ನಿಂತ ಬಯಲನ್ನು ಬಿಟ್ಟು ಬೇರೆಯಾಗಿ ಕಾಣುವುದಿಲ್ಲ.

ಬಯಲಿನ ಪರವಾಗಿ ಜನ ಎದ್ದು ನಿಂತದ್ದೂ ನಮ್ಮ ಜಿಲ್ಲೆಯಲ್ಲಿಯೇ. 1984ರಲ್ಲಿ 'ಸಿ' ಮತ್ತು 'ಡಿ' ದರ್ಜೆಯವೆಂದು ಗುರುತಿಸಿದ ಸಾರ್ವಜನಿಕ ಭೂಮಿಗಳಲ್ಲಿ ತಿರುಳಿನ ಮರ ಬೆಳೆಸಲು ಸರ್ಕಾರಿ ನಿಗಮ ಮತ್ತು ಖಾಸಗಿ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯಾಯಿತು. ಹಳ್ಳಿಗರಿಗೆ ಆ 'ಡಿ' ದರ್ಜೆಯ ನೆಲವೇ ದನದ ಮೇವು, ಉರುವಲು, ಬೇಲಿಯ ಮುಳ್ಳು, ಔಷಧಿಯ ಬೇರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದವರೊಡನೆ ಹಳ್ಳಿಗರು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಸಿದರು: ನೀಲಗಿರಿಯ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ಹಚ್ಚಿದರು. ಶಿವರಾಮ ಕಾರಂತರೂ ಈ ಪ್ರಶ್ನೆಯನ್ನು ಹಿಡಿದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಧರಿಸಿತು.

ನೂರಾರು ಉತ್ತರಪತ್ರಿಕೆಗಳಿಗೆ ದರ್ಜೆ ಹಾಕಿದ ಕೈ ನನ್ನದು. ಆದ್ದರಿಂದ 'ಡಿ' ಎಂಬ ಅಕ್ಷರವನ್ನು ಕಂಡಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ವಿದ್ಯಾರ್ಥಿಗೆ 'ಡಿ' ಬಂದರೆ, ಕೇಳಿದ ಪ್ರಶ್ನೆಗಳು ಯಾವುವೆಂದು ನೋಡಬೇಕು. ಈ ನೆಲಕ್ಕೆ ನಾವು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಚೀಲ ಕಾಳು, ಎಷ್ಟು ಟನ್ ಕಟ್ಟಿಗೆ. ಎಷ್ಟು ಹುಲ್ಲು, ಎಷ್ಟು ಕುರಿ, ಎಷ್ಟು ಹಕ್ಕಿ, ಎಷ್ಟು ಆಕಾಶ ಎಂದು ಕೇಳಿದ್ದರೆ ಅದು ತರಗತಿಗೇ ಮೊದಲು ಬರುತ್ತಿತ್ತು. 2000ದಿಂದ ಈಚೆಗೆ ಹಲವು ಸಲ ಪ್ರಕಟವಾದ ಭಾರತದ ಪಾಳುಭೂಮಿಗಳ ನಕಾಶೆ ಪುಸ್ತಕದಲ್ಲಿ ಕುರುಚಲು ನೆಲವೂ ಪಾಳುಭೂಮಿಯ ಒಂದು ಬಗೆ. 2017ರಲ್ಲಿ ನಮ್ಮ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಯುವುದನ್ನು ನಿಷೇಧಿಸಿತು ನಿಜ. ಆದರೆ ಖರಾಬು ಎಂಬ ಶಬ್ದ ಉಳಿದಿರುವವರೆಗೆ, ನೀಲಗಿರಿಯ ಬದಲಿಗೆ ಮತ್ತೇನಾದರೂ ಬಂದು ಆ ನೆಲವನ್ನು ತುಂಬಿಬಿಡಬಹುದು. ಖಾಲಿ ಎಂದು ತಿಳಿದ ಜಾಗವನ್ನು ತುಂಬದೆ ಬಿಡುವುದು ಮನುಷ್ಯನಿಗೆ ಕಷ್ಟ.

ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಬೇವಿನ ನೆರಳಲ್ಲಿ ಉಂಡು, ಗುತ್ತಲದ ದಾರಿಯಲ್ಲಿ ಚೌಡದಾನಪುರಕ್ಕೆ ಹೋದೆವು. ಹಾದಿಯಲ್ಲಿ ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದ್ದರು. ಇಡೀ ದಿನ ಒಣಬಯಲನ್ನು ಕಂಡ ಕಣ್ಣಿಗೆ ಮುಕ್ತೇಶ್ವರ ದೇವಾಲಯದ ಹಿಂದೆ ಹರಿಯುವ ತುಂಗಭದ್ರೆ ಬೇರೆಯೇ ತೆರನಾಗಿ ಕಾಣುತ್ತದೆ. ಸ್ವಲ್ಪ ಕೆಳಗೆ, ಗಳಗನಾಥದಲ್ಲಿ, ವರದೆ ಬಂದು ಅದನ್ನು ಸೇರುತ್ತಾಳೆ. ಬಂಡೆಯ ಮೇಲೆ ಕುಳಿತ ಮೊಮ್ಮಗ ನನ್ನನ್ನು ಕೇಳಿದ: "ಎರೆಭೂತಕ್ಕೆ ಮತ್ತೆ ಇಲ್ಲಿಗೆ ಬರಬೇಕೆನಿಸಿದರೆ ಜಾಗ ಇದೆಯೇ?" ಸ್ವಲ್ಪ ಇದೆ ಎಂದೆ. ಹುಲ್ಲು ಉಳಿದ ತುಂಡುಗಳು ಅಲ್ಲಲ್ಲಿ ಇವೆ. ಅವುಗಳನ್ನು ತುಂಬದೆ ಬಿಟ್ಟರೆ ಇದೆ. ಅವನು ಆ ಮಾತನ್ನು ತನ್ನ ಸಣ್ಣ ನೋಟುಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಂಡ. ಹಕ್ಕಿಯ ಹೆಸರನ್ನು ಮಾತ್ರ ನನ್ನಿಂದ ಕನ್ನಡದಲ್ಲಿ ಬರೆಸಿಕೊಂಡ.

ನೀವು ಹೊರಡುವುದಾದರೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಹಿತವಾದ ಕಾಲ. ಮೆಣಸಿನಕಾಯಿಯ ಕೆಂಪು ಬೇಕೆಂದರೆ ಜನವರಿಯ ನಂತರ ಬನ್ನಿ. ಮೊದಲ ಮಳೆಯ ಮರುವಾರ ಬಂದರೆ ಇದೇ ನೆಲ ಹಸಿರಾಗಿ ನಿಮ್ಮನ್ನು ಏಮಾರಿಸುತ್ತದೆ. ಬೆಳಗಿನ ಆರರಿಂದ ಒಂಬತ್ತು, ಸಂಜೆ ನಾಲ್ಕರ ನಂತರ ಬಯಲಿನ ಸಮಯ. ನಡುಹಗಲು ಅದು ಯಾರಿಗೂ ಮುಖ ತೋರಿಸುವುದಿಲ್ಲ. ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಕಾರನ್ನು ರಸ್ತೆ ಬಿಟ್ಟು ಹುಲ್ಲಿಗೆ ಇಳಿಸಬೇಡಿ, ಟಿಟ್ಟಿಭದ ಮೊಟ್ಟೆಗಳು ಬರಿನೆಲದ ಮೇಲೆ ಕಲ್ಲುಗಳಂತೆ ಬಿದ್ದಿರುತ್ತವೆ. ಚಿತ್ರಕ್ಕಾಗಿ ಚಿಗರಿಯನ್ನು ಬೆನ್ನಟ್ಟಬೇಡಿ. ಹಾರ್ನು, ಹಾಡು ಎರಡನ್ನೂ ಮನೆಯಲ್ಲಿಟ್ಟು ಬನ್ನಿ. ಎಲ್ಲಕ್ಕಿಂತ ಮುಖ್ಯವಾಗಿ ಎಂಜಿನ್ ಆರಿಸಿ ಹತ್ತು ನಿಮಿಷ ಕುಳಿತುಕೊಳ್ಳಿ.

ನಿಮ್ಮ ಊರಿನ ಮಡ್ಡಿಯೋ ಗಾಯರಾಣವೋ ಇನ್ನೂ ಉಳಿದಿದ್ದರೆ ಅದನ್ನೂ ಒಮ್ಮೆ ಹೀಗೆಯೇ ನೋಡಿರಿ. ಗ್ರಾಮಸಭೆಯಲ್ಲಿ ಅದರ ಮಾತು ಬಂದಾಗ ಅಲ್ಲಿ ಏನಿದೆ ಎಂದು ಹೇಳಲು ನಾಲ್ಕು ಜನರಿಗಾದರೂ ಗೊತ್ತಿರಬೇಕು. ಊರಿಗೆ ಬಂದವರು ಹಿಂದಿನ ದಿನ ಫೋನು ಮಾಡಿರಿ. ಬೆಳಗಿನ ಐದೂವರೆಗೆ ಬುತ್ತಿಯೊಡನೆ ಬಾಗಿಲಲ್ಲಿ ನಿಂತಿರುತ್ತೇನೆ. ತಡವಾಗಿ ಬಂದವರಿಗೆ ಎಂದಿನಂತೆ ಹಾಜರಿ ಇಲ್ಲ.